ಕಂಪ್ಯೂಟರ್ ಬಂದ ಕಥೆ ಮತ್ತು ಅದರ ಜೊತೆಗೇ ಬಂದ ತಪ್ಪು ತಿಳುವಳಿಕೆಗಳು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ್ದು ನಮಗೆಲ್ಲ ಸಂತೋಷದ ವಿಷಯ. ಈ ಸ್ಮರಣ ಸಂಚಿಕೆಗೆ "ನೀನೂ ಒಂದು ಬರಿಯಪ್ಪ" ಎಂದು ಅಧ್ಯಕ್ಷರು ಹೇಳಿದಾಗ ನನಗೆ ಅಂಜಿಕೆಯಾಯಿತು. ನಾನು ಎಸ್.ಎಸ್.ಎಲ್.ಸಿ. ಓದಿದವನು. ರಾಗಿ, ತೆಂಗು, ನಾಲ್ಕು ಹಸು ನನ್ನ ಬದುಕು. ಬರವಣಿಗೆ ನನ್ನ ಕಸುಬಲ್ಲ. ಆದರೂ ಒಂದು ವಿಷಯದ ಬಗ್ಗೆ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಏಕೆಂದರೆ ಆ ವಿಷಯದಲ್ಲಿ ಈ ಸಂಘದಲ್ಲಿ ಅತ್ಯಂತ ದೊಡ್ಡ ತಪ್ಪು ಮಾಡಿದವನು ನಾನೇ.

ಹೋದ ವಾರ್ಷಿಕ ಮಹಾಸಭೆಯಲ್ಲಿ ಡೇರಿಯ ಹಳೇ ಕಂಪ್ಯೂಟರ್ ಬದಲಾಯಿಸುವ ವಿಷಯ ಬಂದಾಗ ಎಷ್ಟು ಗದ್ದಲವಾಯಿತು ಎಂಬುದು ತಮಗೆಲ್ಲ ನೆನಪಿರಬಹುದು. "ಒಳ್ಳೇ ಕಂಪನೀದು ತಂದ್ಬಿಡಿ, ಹತ್ತು ವರ್ಷ ತಿರುಗಿ ನೋಡೋ ಹಂಗಿಲ್ಲ" ಅಂದರು ಒಬ್ಬರು. "ತರೋದಾದ್ರೆ ಎಲ್ಲಕ್ಕಿಂತ ದೊಡ್ಡದು ತನ್ನಿ, ಮುಂದಕ್ಕೂ ಆಗುತ್ತೆ" ಅಂದರು ಇನ್ನೊಬ್ಬರು. "ಓಡ್ತಾ ಇರೋದನ್ನ ಯಾಕೆ ಬದಲಾಯಿಸ್ತೀರಿ?" ಎಂದು ಹಿಂದಿನ ಸಾಲಿನಿಂದ ಕೇಳಿಬಂತು. ಕೊನೆಗೆ ಒಬ್ಬ ಹುಡುಗ ಎದ್ದು, "ಕಂಪ್ಯೂಟರ್ ಇರುವಾಗ ಪುಸ್ತಕದಲ್ಲಿ ಬರೆಯೋದು ಯಾಕೆ?" ಎಂದ. ನಾನು ತಲೆ ತಗ್ಗಿಸಿದೆ. 2010ರಲ್ಲಿ ಇದೇ ಮಾತನ್ನು ನಾನು ಹೇಳಿದ್ದೆ. ಅದರ ಫಲ ಏನಾಯಿತು ಎಂಬುದನ್ನು ಮುಂದೆ ಬರೆಯುತ್ತೇನೆ.

ಈ ನಾಲ್ಕು ಮಾತುಗಳೂ ಇವತ್ತು ಹುಟ್ಟಿದವಲ್ಲ. ವ್ಯಾಪಾರದ ಲೆಕ್ಕಕ್ಕೆ ಕಂಪ್ಯೂಟರ್ ಬಂದ ದಿನದಿಂದಲೂ ಇಂಥ ತಪ್ಪು ತಿಳುವಳಿಕೆಗಳು ಅದರ ಜೊತೆಗೇ ಬಂದಿವೆ. ಕೆಲವಕ್ಕೆ ಒಂದು ಕಾಲದಲ್ಲಿ ಕಾರಣವೂ ಇತ್ತು. ಕಾರಣ ಹೋದರೂ ಮಾತು ಮಾತ್ರ ಉಳಿದುಕೊಂಡಿದೆ. ಅದರ ಚರಿತ್ರೆಯನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.

ಮೊದಲು ಲೆಕ್ಕ, ಆಮೇಲೆ ಯಂತ್ರ

ಲೆಕ್ಕ ಮಾಡುವ ಯಂತ್ರದ ಕನಸು ಕಂಡ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಎಂಬ ವಿದ್ವಾಂಸರು 1864ರಲ್ಲಿ ತಮ್ಮ ಜೀವನದ ನೆನಪುಗಳನ್ನು ಅಚ್ಚು ಹಾಕಿಸಿದರು. ತಪ್ಪು ಅಂಕಿ ಹಾಕಿದರೂ ನಿಮ್ಮ ಯಂತ್ರದಿಂದ ಸರಿಯಾದ ಉತ್ತರ ಬರುತ್ತದೆಯೇ ಎಂದು ಪಾರ್ಲಿಮೆಂಟಿನವರೇ ತಮ್ಮನ್ನು ಕೇಳಿದ್ದರು ಎಂದು ಅದರಲ್ಲಿ ಬೇಸರದಿಂದ ಬರೆದುಕೊಂಡಿದ್ದಾರೆ. ಯಂತ್ರ ಪೂರ್ತಿಯಾಗಿ ತಯಾರಾಗುವ ಮೊದಲೇ ತಪ್ಪು ತಿಳುವಳಿಕೆ ತಯಾರಾಗಿತ್ತು ನೋಡಿ!

ವ್ಯಾಪಾರದ ಲೆಕ್ಕಕ್ಕೆ ಮೊಟ್ಟಮೊದಲು ಕಂಪ್ಯೂಟರ್ ಬಳಸಿದ್ದು ಬ್ಯಾಂಕೂ ಅಲ್ಲ, ಸರ್ಕಾರವೂ ಅಲ್ಲ. ಲಂಡನ್ನಿನಲ್ಲಿ ಟೀ ಅಂಗಡಿ ಮತ್ತು ಬೇಕರಿ ನಡೆಸುತ್ತಿದ್ದ ಲಯನ್ಸ್ ಎಂಬ ಕಂಪನಿ. ಅವರೇ ತಯಾರು ಮಾಡಿಸಿದ 'ಲಿಯೋ' ಎಂಬ ಯಂತ್ರ 1951ರ ನವೆಂಬರಿನಲ್ಲಿ ಬೇಕರಿ ಮಾಲಿನ ಲೆಕ್ಕ ಹಾಕಲು ಶುರು ಮಾಡಿತು. ಬ್ರೆಡ್ಡು, ಕೇಕು ಎಷ್ಟು ತಯಾರಾಯಿತು, ಎಷ್ಟು ಖರ್ಚು, ಇದೇ ಲೆಕ್ಕ. ನಮ್ಮ ಹಾಲಿನ ಲೆಕ್ಕದಂಥದ್ದೇ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಆ ಕಂಪನಿಯವರು ಯಂತ್ರಕ್ಕೆ ಕೈ ಹಾಕುವುದಕ್ಕೆ ಎಷ್ಟೋ ವರ್ಷ ಮುಂಚೆಯೇ, 1930ರ ದಶಕದಿಂದಲೇ, ತಮ್ಮ ಗುಮಾಸ್ತರ ಕೆಲಸವನ್ನು ಕೂಲಂಕಷವಾಗಿ ನೋಡಿ, ಯಾವ ಕಾಗದ ಬೇಕು, ಯಾವುದು ಬೇಡ ಎಂದು ಒಪ್ಪ ಮಾಡಿಕೊಂಡಿದ್ದರು. 1954ರಲ್ಲಿ ನೌಕರರ ಸಂಬಳದ ಲೆಕ್ಕವನ್ನು ಯಂತ್ರಕ್ಕೆ ವಹಿಸುವ ಮೊದಲು ಸ್ವಲ್ಪ ಕಾಲ ಕೈಲೆಕ್ಕವನ್ನೂ ಜೊತೆಗೇ ನಡೆಸಿ ತಾಳೆ ನೋಡಿದರು. ಯಂತ್ರ ಬಂದ ಮೇಲೆ ಲೆಕ್ಕ ತಾನಾಗಿ ನೆಟ್ಟಗಾಗುತ್ತದೆ ಎಂದು ಅವರು ನಂಬಲಿಲ್ಲ.

ಇದಕ್ಕೆ ನಮ್ಮ ಕಣ್ಣ ಮುಂದಿನ ಉದಾಹರಣೆ ಪಹಣಿ. ಭೂ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಕೇಂದ್ರದ ಪ್ರಯೋಗ 1988-89ರಲ್ಲೇ ಶುರುವಾಗಿ, ಆಮೇಲೆ ಆಗಿನ ಗುಲ್ಬರ್ಗಾ ಜಿಲ್ಲೆಯೂ ಅದಕ್ಕೆ ಸೇರಿತು. ಆದರೆ ಒಂದು ಸಲ ತುಂಬಿದ್ದನ್ನು ದಿನದಿನಕ್ಕೆ ತಿದ್ದುವ ಏರ್ಪಾಡು ಇಲ್ಲದೆ ಅಂಥ ಮಾಹಿತಿ ಹಳತಾಗಿ ಹೋಗುತ್ತಿತ್ತು. ಆಮೇಲೆ 2000ದ ಸುಮಾರಿಗೆ ಬಂದ 'ಭೂಮಿ' ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ತುಂಬಿ, ಕೈಬರಹದ ಪಹಣಿಯನ್ನು ನಿಲ್ಲಿಸಿ, ಪ್ರತಿ ಬದಲಾವಣೆಯೂ ಕಂಪ್ಯೂಟರಿನ ಮೂಲಕವೇ ಆಗಬೇಕೆಂದು ಮಾಡಿದರು. ಅದರಿಂದ ಅದು ನಿಂತಿತು. ಆದಾಗ್ಯೂ ಹಳೇ ಪುಸ್ತಕದಲ್ಲಿ ಅಪ್ಪನ ಹೆಸರು ತಪ್ಪಿದ್ದವರಿಗೆ ಕಂಪ್ಯೂಟರ್ ಪಹಣಿಯಲ್ಲೂ ತಪ್ಪೇ ಬಂತು. ತಿದ್ದಿಸಲು ಎಷ್ಟು ಓಡಾಡಿದೆವು ಎಂಬುದು ಪ್ರತಿ ಮನೆಗೂ ಗೊತ್ತು. ಯಂತ್ರ ಹಾಕಿದ್ದನ್ನು ಕೊಡುತ್ತದೆ, ಅಷ್ಟೆ.

ನಮ್ಮ ದೇಶಕ್ಕೆ ಬಂದ ಬಗೆ

ಭಾರತಕ್ಕೆ ಮೊದಲ ಕಂಪ್ಯೂಟರ್ ಬಂದದ್ದು 1955ರಲ್ಲಿ, ಪ್ರೊ. ಮಹಲನೋಬಿಸ್ ಅವರ ನೇತೃತ್ವದಲ್ಲಿದ್ದ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಆ ಮೇಲೆ ಬಹಳ ಕಾಲ ಅದು ದೊಡ್ಡ ಸಂಸ್ಥೆಗಳ ಸೊತ್ತಾಗಿತ್ತು. ಐ.ಬಿ.ಎಂ. ಕಂಪನಿ 1978ರಲ್ಲಿ ದೇಶ ಬಿಟ್ಟು ಹೋಯಿತು. ನಮ್ಮವರೇ ಯಂತ್ರ ಮಾಡಲು ಶುರು ಮಾಡಿದರು. ಬ್ಯಾಂಕುಗಳಿಗೆ ಯಂತ್ರ ತರುವ ಬಗ್ಗೆ ಡಾ. ರಂಗರಾಜನ್ ಅವರ ಸಮಿತಿ 1984ರಲ್ಲಿ ವರದಿ ಕೊಟ್ಟಿತು. 1989ರಲ್ಲಿ ಇನ್ನೊಂದು ವರದಿ ಬಂತು. ಆಗ ಎಲ್ಲೆಲ್ಲೂ ಕೇಳುತ್ತಿದ್ದ ಮಾತು "ಕಂಪ್ಯೂಟರ್ ಬಂದ್ರೆ ಕೆಲಸ ಹೋಗುತ್ತೆ" ಎಂಬುದು. ಭಯ ಪೂರ್ತಿ ಸುಳ್ಳಲ್ಲ, ಕೆಲವು ಬಗೆಯ ಗುಮಾಸ್ತಿಕೆ ಹೋಯಿತು. ಆದರೆ ನಮ್ಮಂಥ ಸಣ್ಣ ಸಂಘದಲ್ಲಿ ಯಾರ ಕೆಲಸವೂ ಹೋಗಲಿಲ್ಲ. ನಮ್ಮ ಕಾರ್ಯದರ್ಶಿಯೂ ಇದ್ದಾರೆ, ಹಾಲು ಪರೀಕ್ಷಕರೂ ಇದ್ದಾರೆ. ಕೆಲಸದ ರೀತಿ ಬದಲಾಯಿತು.

ಇಲ್ಲಿ ನಮ್ಮ ನಾಡಿನ ಒಂದು ಹೆಮ್ಮೆಯನ್ನೂ ನೆನೆಯಬೇಕು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಸಂಘ ಹುಟ್ಟಿದ್ದು 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಪ್ರಯತ್ನದಿಂದ. ಅವರಿಗಿದ್ದದ್ದು ಮಸಿ, ಲೇಖನಿ, ಪುಸ್ತಕ. ಅಲ್ಲಿಂದ 117 ವರ್ಷದ ಮೇಲೆ, 2022ರ ಜೂನ್‌ನಲ್ಲಿ, ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಅಳವಡಿಸಲು ಕೇಂದ್ರ ಸಚಿವ ಸಂಪುಟ 2,516 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂದರೆ ಇನ್ನು ಮುಂದೆ ಕಂಪ್ಯೂಟರ್ ಬೇಕೋ ಬೇಡವೋ ಎಂಬ ಪ್ರಶ್ನೆ ಸಹಕಾರ ಕ್ಷೇತ್ರದಲ್ಲಿ ಇಲ್ಲ. ಹೇಗೆ ಆರಿಸಬೇಕು, ಹೇಗೆ ಕಾಪಾಡಬೇಕು ಎಂಬುದೇ ಪ್ರಶ್ನೆ.

ಕಂಪನಿ ಹೆಸರು ಮತ್ತು ದೊಡ್ಡ ನಂಬರು

ಮೇಜಿನ ಮೇಲಿಡುವ ಕಂಪ್ಯೂಟರ್ ವ್ಯಾಪಾರದವರ ಮನೆಮಾತಾದದ್ದು 1981ರ ಆಗಸ್ಟ್ 12ರಂದು ಐ.ಬಿ.ಎಂ. ತನ್ನ 'ಪಿ.ಸಿ.' ಹೊರತಂದ ಮೇಲೆ. ಬೆಲೆ 1,565 ಡಾಲರಿನಿಂದ ಶುರು. ಬೇಗ ಮಾರುಕಟ್ಟೆಗೆ ತರಬೇಕೆಂದು ಆ ದೊಡ್ಡ ಕಂಪನಿ ಒಳಗಿನ ಭಾಗಗಳನ್ನು ಬೇರೆಯವರಿಂದ ಕೊಂಡುಕೊಂಡಿತು. ಮಿದುಳಿನಂತಿರುವ ಚಿಪ್ಪು ಇಂಟೆಲ್‌ನದು, ಅದನ್ನು ನಡೆಸುವ 'ಡಾಸ್' ಮೈಕ್ರೋಸಾಫ್ಟ್‌ನದು. ಹೀಗಾಗಿ ಅಂಥದೇ ಯಂತ್ರವನ್ನು ಬೇರೆಯವರೂ ಜೋಡಿಸುವುದಕ್ಕೆ ದಾರಿಯಾಯಿತು. ನಾವು 'ಅಸೆಂಬಲ್ಡ್' ಎನ್ನುವುದು ಅದನ್ನೇ.

ಇದರಿಂದ ಎರಡು ತಪ್ಪು ತಿಳುವಳಿಕೆ ಹುಟ್ಟಿದವು. ಕಂಪನಿ ಹೆಸರಿದ್ದರೆ ಕೆಡುವುದೇ ಇಲ್ಲ ಎಂಬುದು ಒಂದು. ಅಸೆಂಬಲ್ಡ್ ಎಂದರೆ ಡುಪ್ಲಿಕೇಟ್ ಎಂಬುದು ಇನ್ನೊಂದು. ನಿಜ ಏನೆಂದರೆ ಎರಡರ ಹೊಟ್ಟೆಯೊಳಗೂ ಇರುವುದು ಹಲವು ಕಂಪನಿಗಳ ಭಾಗಗಳೇ. ನಾವು ಕೇಳಬೇಕಾದ್ದು ಬೇರೆ. ಕೆಟ್ಟರೆ ಯಾರು ಬರುತ್ತಾರೆ? ಎಷ್ಟು ಹೊತ್ತಿನಲ್ಲಿ? ಭಾಗ ತಾಲ್ಲೂಕಿನಲ್ಲಿ ಸಿಗುತ್ತದೆಯೋ, ಬೆಂಗಳೂರಿನಿಂದ ಬರಬೇಕೋ? ವಾರಂಟಿ ಕಾಗದದಲ್ಲಿ "ಸ್ಥಳಕ್ಕೇ ಬಂದು" ಎಂದು ಬರೆದಿದೆಯೋ, ನಾವೇ ಹೊತ್ತುಕೊಂಡು ಹೋಗಬೇಕೋ? ನಮ್ಮ ಹಸು ಬೆಳಗ್ಗೆ ಆರಕ್ಕೆ ಹಾಲು ಕೊಡುತ್ತದೆ. ಸಂಜೆಗೆ ಇನ್ನೊಂದು ಸಲ ಕೊಡುತ್ತದೆ. ಕಂಪ್ಯೂಟರ್ ರಿಪೇರಿ ಆಗಲಿ ಎಂದು ಅದು ಕಾಯುವುದಿಲ್ಲ.

ಇನ್ನು ದೊಡ್ಡ ನಂಬರಿನ ವಿಷಯ. 1990ರ ದಶಕದಲ್ಲಿ ಮೆಗಾಹರ್ಟ್ಸ್ ಎಂಬ ಅಂಕಿ ಹೆಚ್ಚಿದಷ್ಟೂ ಯಂತ್ರ ಒಳ್ಳೆಯದು ಎಂದು ಜಾಹೀರಾತು ಬರುತ್ತಿತ್ತು. ಆ ಓಟ ಇಂಟೆಲ್‌ಗೇ ಮುಳುವಾಯಿತು. ಬಿಸಿ ಹೆಚ್ಚಾಗಿ, 4 ಗಿಗಾಹರ್ಟ್ಸಿನ ಪೆಂಟಿಯಂ 4 ತರುವ ಯೋಜನೆಯನ್ನು 2004ರಲ್ಲಿ ಅವರೇ ಕೈಬಿಟ್ಟರು. 2006ರಲ್ಲಿ ಬಂದ 'ಕೋರ್ 2' ಕಡಿಮೆ ಅಂಕಿಯಲ್ಲೇ ಹೆಚ್ಚು ಕೆಲಸ ಮಾಡಿತು. ಹಸುವಿನ ಕೊಂಬು ನೋಡಿ ಹಾಲಿನ ಲೆಕ್ಕ ಹೇಳಲಾಗದು, ಹಾಗೇ ಇದು.

ನಮ್ಮ ಸಂಘಕ್ಕೆ ಎಷ್ಟು ಬೇಕು? ನಾನೇ ಲೆಕ್ಕ ಹಾಕಿದೆ. 240 ಸದಸ್ಯರು ದಿನಕ್ಕೆ ಎರಡು ಸಲ ಹಾಲು ಹಾಕಿದರೆ ದಿನಕ್ಕೆ 480 ಸಾಲು. ವರ್ಷಕ್ಕೆ 1,75,200 ಸಾಲು. ಒಂದು ಸಾಲಿಗೆ, ಅಂದರೆ ಸದಸ್ಯರ ನಂಬರು, ತಾರೀಖು, ಲೀಟರು, ಜಿಡ್ಡು, ಎಸ್.ಎನ್.ಎಫ್., ದರ, ಮೊಬಲಗು ಎಲ್ಲ ಸೇರಿ ನೂರು ಅಕ್ಷರ ಹಿಡಿದರೂ ವರ್ಷಕ್ಕೆ ಸುಮಾರು 17.5 ಎಂ.ಬಿ. ಹತ್ತು ವರ್ಷಕ್ಕೆ 175 ಎಂ.ಬಿ. ಎರಡು ಸಾವಿರ ಜಿ.ಬಿ. ಡಿಸ್ಕು ಹಾಕಿಸಿದರೆ ಅದು ಒಂದು ಸೇರು ಹಾಲಿಗೆ ಟ್ಯಾಂಕರ್ ತರಿಸಿದ ಹಾಗೆ. ಆ ಹಣದಲ್ಲಿ ಒಳ್ಳೇ ಯು.ಪಿ.ಎಸ್., ಹೆಚ್ಚುವರಿ ಡಿಸ್ಕು, ಮೂರು ವರ್ಷದ ವಾರಂಟಿ ಎಲ್ಲಾ ಬರುತ್ತದೆ. ಹಾಗಂತ ತೀರಾ ಹಳೇ ಸೆಕೆಂಡ್‌ಹ್ಯಾಂಡ್ ತಂದರೂ ಕಷ್ಟ. ಅದರ ಕಾರಣ ಮುಂದೆ ಬರುತ್ತದೆ.

ಪೆಟ್ಟಿಗೆಗಿಂತ ಮೊದಲು ಸಾಫ್ಟ್‌ವೇರ್

1979ರಲ್ಲಿ ಅಮೆರಿಕದ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು 'ವಿಸಿಕ್ಯಾಲ್ಕ್' ಎಂಬ ಲೆಕ್ಕದ ಹಾಳೆಯ ಸಾಫ್ಟ್‌ವೇರ್ ತಂದರು. ಮೊದಲು ಅದು ಆಪಲ್ ಕಂಪ್ಯೂಟರಿಗೆ ಮಾತ್ರ ಇತ್ತು. ಆ ಸಾಫ್ಟ್‌ವೇರಿಗಾಗಿಯೇ ಎಷ್ಟೋ ವ್ಯಾಪಾರಸ್ಥರು ಆಪಲ್ ಕೊಂಡರು. ನಮ್ಮ ದೇಶದಲ್ಲಿ 1986ರಲ್ಲಿ ಶುರುವಾದ, ಇಂದು ಬೆಂಗಳೂರಿನಲ್ಲಿ ನೆಲೆಯಿರುವ ಟ್ಯಾಲಿಯ ಕಥೆಯೂ ಹಾಗೇ. ತಂದೆಯವರ ವ್ಯಾಪಾರದ ಲೆಕ್ಕಕ್ಕೆ ಸರಿಹೊಂದುವ ಸಾಫ್ಟ್‌ವೇರ್ ಸಿಗಲಿಲ್ಲವೆಂದು ಭರತ್ ಗೋಯೆಂಕಾ ಅವರು ಅದನ್ನು ಬರೆದರು. ಕೆಲಸ ಮೊದಲು, ಆ ಕೆಲಸಕ್ಕೆ ಸಾಫ್ಟ್‌ವೇರ್, ಆಮೇಲೆ ಅದನ್ನು ನಡೆಸುವ ಪೆಟ್ಟಿಗೆ. ನಾವು ಮಾತ್ರ ಪೆಟ್ಟಿಗೆ ತಂದು ಕುಂಕುಮ ಹಚ್ಚಿ, ಆಮೇಲೆ "ಇದರಲ್ಲಿ ಏನು ಹಾಕೋಣ?" ಎಂದು ಕೇಳುತ್ತೇವೆ. 2007ರಲ್ಲಿ ನಮ್ಮ ಡೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಆದದ್ದೂ ಇದೇ. ಹಾಲು ಪರೀಕ್ಷಿಸುವ ಯಂತ್ರದ ಜೊತೆಗೆ ಅದರ ವೈರು ಹೊಂದಲಿಲ್ಲ. ಎರಡು ತಿಂಗಳು ಜಿಡ್ಡಿನ ಅಂಕಿಯನ್ನು ಓದಿ ಕೈಯಲ್ಲೇ ಒತ್ತಬೇಕಾಯಿತು.

ಅದಕ್ಕೂ ಹಿಂದಿನದನ್ನು ನೆನೆದರೆ ಇದೂ ಸುಖವೇ. ಸಂಘ ಶುರುವಾದಾಗ ಗರ್ಬರ್ ವಿಧಾನದಲ್ಲಿ ಗಂಧಕಾಮ್ಲ ಹಾಕಿ, ಗಾಜಿನ ಕೊಳವೆ ತಿರುಗಿಸಿ ಜಿಡ್ಡು ನೋಡುತ್ತಿದ್ದೆವು. ಆಗಿನ ಪರೀಕ್ಷಕರ ಅಂಗಿ ತೂತಿಲ್ಲದೆ ಇದ್ದದ್ದನ್ನು ನಾನು ನೋಡಿಲ್ಲ.

ಪೆಟ್ಟಿಗೆಯ ಬೆಲೆಯೇ ಪೂರ್ತಿ ಖರ್ಚು ಎಂಬುದೂ ತಪ್ಪು. ಪ್ರಿಂಟರನ್ನೇ ನೋಡಿ. ಅಗ್ಗಕ್ಕೆ ಸಿಗುವ ಎಷ್ಟೋ ಇಂಕಿನ ಪ್ರಿಂಟರಿಗೆ ಇಂಕೇ ದುಬಾರಿ. ಸದ್ದು ಮಾಡುವ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ರಿಬ್ಬನ್ ಅಗ್ಗ, ಕಾರ್ಬನ್ ಪ್ರತಿಯೂ ಬರುತ್ತದೆ. ಈಗಿನ ಬಿಸಿಯಿಂದ ಮೂಡಿಸುವ ಥರ್ಮಲ್ ಚೀಟಿ ಚೆನ್ನಾಗಿ ಕಂಡರೂ ಬಿಸಿಲಿಗೆ, ಎಣ್ಣೆ ಕೈಗೆ ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಇದನ್ನು ನೆನಪಿಡಿ, ಚೀಟಿಯ ಬೆಲೆ ಏನೆಂದು ಮುಂದೆ ಹೇಳುತ್ತೇನೆ.

ಕನ್ನಡದ ವಿಷಯದಲ್ಲೂ ಒಂದು ಮಾತು. "ಕಂಪ್ಯೂಟರಿಗೆ ಇಂಗ್ಲಿಷೇ ಬೇಕು" ಎಂದು ಇನ್ನೂ ಹಲವರು ನಂಬಿದ್ದಾರೆ. ಕೆ.ಪಿ. ರಾವ್ ಅಂಥವರು ರೂಪಿಸಿದ ಕೀಲಿಮಣೆ ವಿನ್ಯಾಸ, ಆಮೇಲೆ ಬಂದ ಬರಹ, ನುಡಿ ತಂತ್ರಾಂಶಗಳು ಆ ಮಾತನ್ನು ಸುಳ್ಳು ಮಾಡಿ ಎರಡು ದಶಕದ ಮೇಲಾಯಿತು. ಆದರೆ ಹಳೇ ಅಕ್ಷರ ವಿನ್ಯಾಸದಲ್ಲಿ ಟೈಪು ಮಾಡಿದ್ದು ಆ ಫಾಂಟ್ ಇಲ್ಲದ ಇನ್ನೊಂದು ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಪ್ರಪಂಚದ ಎಲ್ಲ ಲಿಪಿಗೂ ಒಂದೇ ಸಂಕೇತವಾದ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ಸದಸ್ಯರ ಪಟ್ಟಿಯನ್ನು ಯೂನಿಕೋಡ್‌ನಲ್ಲೇ ಇಡಬೇಕು. ಇಲ್ಲದಿದ್ದರೆ ಯಂತ್ರ ಬದಲಾದಾಗ ನಮ್ಮ ಹೆಸರು ನಮಗೇ ಗುರುತು ಸಿಗುವುದಿಲ್ಲ.

ಚಪ್ಪಲಿ, ಎ.ಸಿ. ಮತ್ತು ಕರೆಂಟು

ನಾನು ಹುಡುಗನಾಗಿದ್ದಾಗ ಪಟ್ಟಣದಲ್ಲಿ ಕಂಪ್ಯೂಟರ್ ಕೋಣೆಗೆ ಹೋಗಬೇಕಾದರೆ ದೇವಸ್ಥಾನದ ಹಾಗೆ ಚಪ್ಪಲಿ ಹೊರಗೆ ಬಿಡಬೇಕಿತ್ತು. ಒಳಗೆ ತಣ್ಣನೆ ಎ.ಸಿ. ಇದಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ಆ ಟೀ ಕಂಪನಿಯ ಲಿಯೋ ಯಂತ್ರದಲ್ಲಿ ಸುಮಾರು 6,000 ವಾಲ್ವುಗಳಿದ್ದವು. ಹಳೇ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅಂಥವು. ಅಷ್ಟು ವಾಲ್ವಿನ ಬಿಸಿಗೆ ತಂಪು ಬೇಕೇ ಬೇಕಿತ್ತು. ಈಗಿನ ಪೆಟ್ಟಿಗೆಗೆ ಎ.ಸಿ. ಬೇಕಿಲ್ಲ, ಗಾಳಿ ಬೇಕು. ಆದರೆ ನಾವು ಮಾಡುವುದು ಉಲ್ಟಾ. ಧೂಳು ಕೂರಬಾರದೆಂದು ಓಡುತ್ತಿರುವಾಗಲೇ ಪ್ಲಾಸ್ಟಿಕ್ ಮುಸುಕು ಹಾಕಿ, ಗೋಡೆಗೆ ಒತ್ತರಿಸಿ, ಪಕ್ಕದಲ್ಲಿ ಪಶು ಆಹಾರದ ಮೂಟೆ ಇಡುತ್ತೇವೆ. ಒಳಗಿನ ಫ್ಯಾನು ಉಸಿರು ಕಟ್ಟಿ ಬಿಸಿಯಾಗಿ ಕೆಡುತ್ತದೆ. ಹಿಂಡಿ ವಾಸನೆಗೆ ಇಲಿ ಬಂದು ವೈರು ಕಡಿಯುತ್ತದೆ. ಮುಸುಕು ಆರಿಸಿದ ಮೇಲೆ ಹಾಕಬೇಕು. ಮೂರು ತಿಂಗಳಿಗೊಮ್ಮೆ ವೈರು ಕಿತ್ತು, ಪೆಟ್ಟಿಗೆ ಬಿಚ್ಚಿ, ಒಣ ಗಾಳಿ ಊದಿ ಧೂಳು ತೆಗೆಯಬೇಕು. ಒದ್ದೆ ಬಟ್ಟೆ ಒಳಗೆ ತಾಗಿಸಬಾರದು.

ಯು.ಪಿ.ಎಸ್. ಇದ್ದರೆ ಕರೆಂಟಿಲ್ಲದೆಯೂ ಹಾಲು ಅಳೆದು ಮುಗಿಸಬಹುದು ಎಂಬುದು ಇನ್ನೊಂದು ನಂಬಿಕೆ. ಸಣ್ಣ ಯು.ಪಿ.ಎಸ್. ಇರುವುದು ಹತ್ತು ಹದಿನೈದು ನಿಮಿಷಕ್ಕೆ. ಅಷ್ಟರಲ್ಲಿ ಲೆಕ್ಕ ಉಳಿಸಿ, ಕ್ರಮವಾಗಿ ಆರಿಸುವುದಕ್ಕೆ. ಪ್ರಿಂಟರನ್ನೂ ಫ್ಯಾನನ್ನೂ ಅದಕ್ಕೇ ಚುಚ್ಚಿದರೆ ಅಷ್ಟೂ ಇಲ್ಲ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಹಸಿರು ದೀಪ ಉರಿಯುತ್ತಿದೆ ಎಂದರೆ ಬ್ಯಾಟರಿ ಸರಿ ಇದೆ ಎಂದಲ್ಲ. ತಿಂಗಳಿಗೊಮ್ಮೆ ಹಾಲಿನ ಹೊತ್ತು ಮುಗಿದ ಮೇಲೆ, ಲೆಕ್ಕವೆಲ್ಲ ಉಳಿಸಿ, ಕರೆಂಟ್ ತೆಗೆದು ನೋಡಿದರೆ ಗೊತ್ತಾಗುತ್ತದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬಾರದು. ಸಿಡಿಲಿನ ಹೊತ್ತಿನಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಇಂಟರ್ನೆಟ್ ವೈರನ್ನೂ ಕೀಳಬೇಕು.

ಏನೂ ಆಗಲಿಲ್ಲ ಎಂಬುದರ ಅರ್ಥ

1999ರ ಡಿಸೆಂಬರ್ 31ರ ರಾತ್ರಿ ಪ್ರಪಂಚದ ಕಂಪ್ಯೂಟರೆಲ್ಲ ನಿಂತುಹೋಗುತ್ತವೆ, ವಿಮಾನ ಬೀಳುತ್ತವೆ ಎಂದು ಹೆದರಿಸಿದ್ದು ದೊಡ್ಡವರಿಗೆ ನೆನಪಿದೆ. ಹಿಂದೆ ಯಂತ್ರದಲ್ಲಿ ಜಾಗ ಉಳಿಸಲು ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಬರೆಯುತ್ತಿದ್ದರು. 2000 ಬಂದರೆ ಅದು 1900ವೋ 2000ವೋ ಯಂತ್ರಕ್ಕೆ ತಿಳಿಯುವುದಿಲ್ಲ, ಇದೇ ತೊಂದರೆ. ಬೆಳಗಾಯಿತು, ದೊಡ್ಡ ಅನಾಹುತವೇನೂ ಆಗಲಿಲ್ಲ. "ನೋಡಿದ್ರಾ, ಎಲ್ಲಾ ಬುರುಡೆ" ಅಂದರು ನಮ್ಮ ಕಡೆ. ಬುರುಡೆಯಲ್ಲ. ವರ್ಷಗಟ್ಟಲೆ ಮುಂಚೆಯಿಂದ ನಮ್ಮ ದೇಶದ ಹುಡುಗರೂ ಸೇರಿ ಅಸಂಖ್ಯಾತ ಮಂದಿ ಕುಳಿತು ತಿದ್ದಿದ್ದರಿಂದ ಏನೂ ಆಗಲಿಲ್ಲ. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ಹಸುವಿಗೆ ಜ್ವರ ಬರಲಿಲ್ಲವೆಂದು ಲಸಿಕೆ ದಂಡ ಅನ್ನುತ್ತೇವೆಯೇ?

ವೈರಸ್ ಕಥೆಯೂ ಹಾಗೇ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ 'ಬ್ರೈನ್' ಎಂಬ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ದೇಶ ದೇಶ ಸುತ್ತಿತು. ಆಗ ಫ್ಲಾಪಿ, ಆಮೇಲೆ ಪೆನ್‌ಡ್ರೈವ್, ಈಗ ಇಂಟರ್ನೆಟ್. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬುದು ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮುಂಚೆ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದೆ ಉಳಿದವರಿಗೆ ಪೆಟ್ಟು ಬಿತ್ತು.

"ಓಡ್ತಾ ಇರೋದನ್ನ ಯಾಕೆ ಬದಲಾಯಿಸ್ತೀರಿ" ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ವಿಂಡೋಸ್ ಎಕ್ಸ್‌ಪಿಗೆ ಇಂಥ ತಿದ್ದುಪಡಿ ಕೊಡುವುದು 2014ರ ಏಪ್ರಿಲ್ 8ಕ್ಕೆ ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಡೇರಿಯ ಯಂತ್ರ ಹಳತು, ಹೊಸ ವಿಂಡೋಸ್ ಅದಕ್ಕೆ ಹಿಡಿಸುವುದಿಲ್ಲ. ಅದು ಓಡುತ್ತಿದೆ ನಿಜ. ಬ್ರೇಕ್ ಇಲ್ಲದ ಟ್ರ್ಯಾಕ್ಟರ್ ಕೂಡ ಓಡುತ್ತದೆ. ಸದಸ್ಯರ ಬ್ಯಾಂಕ್ ಖಾತೆ ನಂಬರೆಲ್ಲ ಅದರಲ್ಲಿದ್ದು, ಅದನ್ನು ಇಂಟರ್ನೆಟ್ಟಿಗೆ ಜೋಡಿಸಿರುವಾಗ ಸುಮ್ಮನಿರುವುದು ತಪ್ಪು. ತೀರಾ ಹಳೇ ಸೆಕೆಂಡ್‌ಹ್ಯಾಂಡ್ ಬೇಡ ಎಂದದ್ದೂ ಇದಕ್ಕೇ.

ಡಿ ಡ್ರೈವಿನ ಪಾಠ

ಈಗ ನನ್ನ ತಪ್ಪಿನ ವಿಷಯ. 2010ರಲ್ಲಿ ನಾನು ಹೊಸದಾಗಿ ನಿರ್ದೇಶಕನಾಗಿ ಬಂದೆ. ಕಂಪ್ಯೂಟರೂ ಇದೆ, ಪುಸ್ತಕವನ್ನೂ ಬರೆಯುತ್ತಿದ್ದಾರೆ, ಎರಡೆರಡು ಕೆಲಸ ಯಾಕೆ ಎಂದು ಮಂಡಳಿಯಲ್ಲಿ ವಾದಿಸಿದೆ. ಹಿರಿಯರಾದ ನಮ್ಮ ದೊಡ್ಡಪ್ಪ "ಅವಸರ ಮಾಡ್ಬೇಡ ಮಗ" ಅಂದರು. ನಾನು ಕೇಳಲಿಲ್ಲ. ಪುಸ್ತಕ ನಿಲ್ಲಿಸಲು ಠರಾವಾಯಿತು. ಬ್ಯಾಕಪ್ ಕೇಳಿದವರಿಗೆ "ದಿನಾ ಡಿ ಡ್ರೈವಿಗೆ ಕಾಪಿ ಆಗುತ್ತೆ" ಎಂದು ನಾನೇ ಧೈರ್ಯ ಹೇಳಿದೆ.

2011ರ ಜೂನ್. ಹದಿನೈದು ದಿನದ ಬಟವಾಡೆಗೆ ಎರಡು ದಿನ ಉಳಿದಿತ್ತು. ಬೆಳಗ್ಗೆ ಕಂಪ್ಯೂಟರ್ ಹಾಕಿದರೆ ಒಳಗೆ ಟಕ್ ಟಕ್ ಎಂದು ಸದ್ದು, ಪರದೆ ಕಪ್ಪು. ರಿಪೇರಿ ಹುಡುಗ ಬಂದು ಬಿಚ್ಚಿ ನೋಡಿ, "ಡಿಸ್ಕ್ ಹೋಗಿದೆ ಅಣ್ಣ" ಅಂದ. "ಹೋಗಲಿ, ಡಿ ಡ್ರೈವಲ್ಲಿದೆ" ಅಂದೆ. ಅವನು ನನ್ನ ಮುಖ ನೋಡಿ, "ಸಿ, ಡಿ ಎರಡೂ ಇದೇ ಡಿಸ್ಕ್‌ನಲ್ಲಿವೆ ಅಣ್ಣ. ಒಂದೇ ಮನೇಲಿ ನಡುಗೋಡೆ ಹಾಕಿದ ಹಾಗೆ. ಮನೆ ಬಿದ್ರೆ ಎರಡೂ ಬಿತ್ತು" ಅಂದ. ಆ ಮಾತು ಕೇಳಿ ನನ್ನ ಕಾಲಲ್ಲಿ ಶಕ್ತಿ ಇಲ್ಲದಾಯಿತು.

1956ರಲ್ಲಿ ಐ.ಬಿ.ಎಂ. ತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲದ 50 ತಟ್ಟೆಗಳಿದ್ದು, ಅದು 50 ಲಕ್ಷ ಅಕ್ಷರ ಹಿಡಿಯುತ್ತಿತ್ತು. ಅಂದಿನಿಂದಲೂ ಇದು ತಿರುಗುವ ಯಂತ್ರ. ತಿರುಗುವುದು ಸವೆಯುತ್ತದೆ. ತಿರುಗದ ಈಗಿನ ಎಸ್.ಎಸ್.ಡಿ. ಕೂಡ ಒಂದು ದಿನ ಕೆಡುತ್ತದೆ. ಕೆಡುತ್ತದೋ ಇಲ್ಲವೋ ಎಂಬುದಲ್ಲ, ಯಾವತ್ತು ಎಂಬುದಷ್ಟೇ ಗೊತ್ತಿಲ್ಲ.

ಒಕ್ಕೂಟಕ್ಕೆ ಕಳಿಸಿದ ಒಟ್ಟು ಹಾಲಿನ ಲೆಕ್ಕ ಅಲ್ಲಿತ್ತು. ಬರಬೇಕಾದ ಒಟ್ಟು ಹಣ ಗೊತ್ತಿತ್ತು. ಆದರೆ ಅದರಲ್ಲಿ ಯಾರದ್ದು ಎಷ್ಟು? ಅದು ಮಾತ್ರ ಗೊತ್ತಿರಲಿಲ್ಲ. ಮೈಕಿನಲ್ಲಿ ಕೂಗಿಸಿ, ಎಲ್ಲರೂ ಹಾಲಿನ ಚೀಟಿ ತನ್ನಿ ಎಂದೆವು. ಹಳ್ಳಿಯ ಕೊನೆ ಮನೆಯ ಅಜ್ಜಿ, ಒಂದೇ ಹಸು ಕಟ್ಟಿ ಮೊಮ್ಮಗನನ್ನು ಓದಿಸುತ್ತಿದ್ದವರು, ಅಷ್ಟೂ ಚೀಟಿಯನ್ನು ದಾರಕ್ಕೆ ಪೋಣಿಸಿ ಹಾರದ ಹಾಗೆ ತಂದು ಮೇಜಿನ ಮೇಲಿಟ್ಟು, "ನನ್ ಹಾಲು ನಿನ್ ಡಬ್ಬದೊಳಗೆ ಕಳೆದೋಯ್ತೇನಪ್ಪ?" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಮೂರು ರಾತ್ರಿ ಕುಳಿತು ಚೀಟಿಯಿಂದ ಲೆಕ್ಕ ಕಟ್ಟಿದೆವು. ನಮ್ಮ ಪರೀಕ್ಷಕರು ಠರಾವು ಆಗಿದ್ದರೂ "ಕೈ ಸುಮ್ಮನಿರಲ್ಲ" ಎಂದು ಬೆಳಗಿನ ಹಾಲನ್ನು ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ಆ ಪುಣ್ಯಾತ್ಮರಿಂದ ಅರ್ಧ ಉಳಿಯಿತು. ಚೀಟಿಯೂ ಇಲ್ಲದವರಿಗೆ ಸಂಜೆ ಹಾಲಿಗೆ ಹಿಂದಿನ ಬಟವಾಡೆಯ ಪಾಸ್ ಪುಸ್ತಕ ನೋಡಿ ಸರಾಸರಿ ಕೊಟ್ಟೆವು. ಆ ಹದಿನೈದು ದಿನದಲ್ಲಿ ಹೊಸದಾಗಿ ಕರು ಹಾಕಿದ ಹಸುವಿದ್ದ ಒಂದು ಮನೆಯವರಿಗೆ ಸರಾಸರಿಯಿಂದ ನಷ್ಟವಾಯಿತು. ಅವರು ಜಗಳವಾಡಲಿಲ್ಲ. ಮಾರನೇ ತಿಂಗಳಿಂದ ಅವರ ಹಾಲು ಖಾಸಗಿ ಡೇರಿಗೆ ಹೋಯಿತು. ಇವತ್ತಿಗೂ ಅಲ್ಲಿಗೇ ಹೋಗುತ್ತಿದೆ. ಡಿಸ್ಕು ಹೊಸದು ಬಂತು, ಆ ಮನೆಯವರ ನಂಬಿಕೆ ಬರಲಿಲ್ಲ.

ಕಡೆಯ ಮಾತು

ಬಂಧುಗಳೇ, ಇಷ್ಟು ಚರಿತ್ರೆಯಿಂದ ನಾನು ಕಲಿತದ್ದು ಸ್ವಲ್ಪವೇ. ಯಂತ್ರ ಲೆಕ್ಕ ಮಾಡುತ್ತದೆ, ಜವಾಬ್ದಾರಿ ಹೊರುವುದಿಲ್ಲ. ಜವಾಬ್ದಾರಿ ಕಾರ್ಯದರ್ಶಿಯದು, ನಿರ್ದೇಶಕರದು, ಚೀಟಿ ಇಟ್ಟುಕೊಳ್ಳುವ ಸದಸ್ಯರದು. ಹೊಸ ಕಂಪ್ಯೂಟರ್ ಕೊಳ್ಳುವ ಮುನ್ನ ಮಂಡಳಿಯ ಮುಂದೆ ನಾನು ಈ ಬೇಡಿಕೆಗಳನ್ನು ಇಟ್ಟಿದ್ದೇನೆ, ಮಹಾಸಭೆಯ ತಾವೂ ಕೇಳಬೇಕು.

ಮೊದಲು ಸಾಫ್ಟ್‌ವೇರ್ ಮತ್ತು ಹಾಲಿನ ಯಂತ್ರ ಎರಡೂ ಹೊಂದುತ್ತವೆಯೇ ಎಂದು ನಮ್ಮ ಡೇರಿಯಲ್ಲೇ ತೋರಿಸಲಿ, ಆಮೇಲೆ ಹಣ. ಮೂರು ವರ್ಷದ ಖರ್ಚೆಲ್ಲ ಸೇರಿಸಿ ಕೊಟೇಶನ್ ತರಿಸಲಿ. ಲೆಕ್ಕ ಮೂರು ಕಡೆ ಇರಲಿ: ಯಂತ್ರದಲ್ಲಿ ಒಂದು, ಕಿತ್ತಿಡುವ ಬೇರೆ ಡಿಸ್ಕಿನಲ್ಲಿ ಒಂದು, ಡೇರಿ ಕಟ್ಟಡದ ಹೊರಗೆ ಒಂದು. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ನೋಡಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆಯಲಿ. ತೆರೆದು ನೋಡದ ಬ್ಯಾಕಪ್ಪು ಬ್ಯಾಕಪ್ಪಲ್ಲ. ಪ್ರತಿ ಬಟವಾಡೆಯ ಪಟ್ಟಿಯನ್ನು ಮಾಸದ ಶಾಯಿಯಲ್ಲಿ ಮುದ್ರಿಸಿ ಕಡತಕ್ಕೆ ಹಾಕಲಿ. ತಾವು ತಮ್ಮ ಚೀಟಿಯನ್ನು ಬಟವಾಡೆ ಆಗುವ ತನಕ ಬಿಸಾಡಬೇಡಿ.

ಆ ಅಜ್ಜಿ ಈಗಿಲ್ಲ. ಅವರ ಮೊಮ್ಮಗನೇ ಮೊನ್ನೆ ಸಭೆಯಲ್ಲಿ ಎದ್ದು "ಪುಸ್ತಕ ಯಾಕೆ?" ಎಂದು ಕೇಳಿದ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ, ಆ ವಯಸ್ಸಿನಲ್ಲಿ ನಾನೂ ಹಾಗೇ ಕೇಳಿದ್ದೆ. ಸಭೆ ಮುಗಿದ ಮೇಲೆ ಅವನನ್ನು ಕರೆದು, ಬೀರುವಿನಲ್ಲಿಟ್ಟಿರುವ ಆ ಚೀಟಿಯ ಹಾರವನ್ನು ತೋರಿಸಿದೆ. ದಾರ ಸ್ವಲ್ಪ ಮಾಸಿದೆ, ಅಕ್ಷರ ಇನ್ನೂ ಓದುವ ಹಾಗಿದೆ. ಹೊಸ ಕಂಪ್ಯೂಟರಿನ ಬ್ಯಾಕಪ್ ನೋಡಿಕೊಳ್ಳುವ ಕೆಲಸವನ್ನು ಅವನೇ ಒಪ್ಪಿಕೊಂಡಿದ್ದಾನೆ.

ನನ್ನ ಬರಹದಲ್ಲಿ ತಪ್ಪಿದ್ದರೆ ಹಿರಿಯರು ತಿದ್ದಬೇಕಾಗಿ ಕೋರುತ್ತೇನೆ. ಸಂಘ ಇನ್ನೂ ನೂರು ವರ್ಷ ಬಾಳಲಿ.

ಜೈ ಸಹಕಾರ.